ಎಸೆಯುವುದು ಕಡಿಮೆ, ಕಾಯಿಸುವುದು ಜಾಸ್ತಿ: ಮನೆಯ ರಿಟ್ರೀವರ್‌ಗೆ ತಂದುಕೊಡುವ ವಿದ್ಯೆ

ಮನೆಯಲ್ಲಿ ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಇದ್ದರೆ ಈ ದೂರುಗಳು ನಿಮಗೂ ಗೊತ್ತಿರುತ್ತವೆ. ಚಪ್ಪಲಿ ಕಚ್ಚಿಕೊಂಡು ಓಡುತ್ತದೆ, ಒಣಹಾಕಿದ ಟವೆಲ್ ಎಳೆಯುತ್ತದೆ, ಬಂದವರ ಕೈಯನ್ನೇ ಬಾಯಲ್ಲಿ ಹಿಡಿದು ಒಳಗೆ ಕರೆದುಕೊಂಡು ಬರುತ್ತದೆ. ಬೈಯುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಈ ನಾಯಿಗಳನ್ನು ತಲೆಮಾರುಗಳಿಂದ ಬೆಳೆಸಿದ್ದೇ ಬಾಯಲ್ಲಿ ಹಿಡಿದು ತರಲಿ ಅಂತ. ಲ್ಯಾಬ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲ ತೀರದಲ್ಲಿ ಮೀನುಗಾರರ ಜೊತೆ ದುಡಿಯುತ್ತಿದ್ದವು. ಬ್ರಿಟನ್ನಿಗೆ ಹೋದ ಮೇಲೆ ಬೇಟೆಗಾರರ ಕೈ ಸೇರಿದವು, 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಅದನ್ನು ಪ್ರತ್ಯೇಕ ತಳಿ ಎಂದು ಒಪ್ಪಿಕೊಂಡಿತು. ಗೋಲ್ಡನ್ ಹುಟ್ಟಿದ್ದು 1868ರ ಹೊತ್ತಿಗೆ, ಸ್ಕಾಟ್‌ಲ್ಯಾಂಡಿನಲ್ಲಿ.

ನಮ್ಮ ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುತ್ತದೆ. ರಿಟ್ರೀವರ್ ಕೆಲಸ ಬೇರೆ. ಬೇಟೆಗಾರ ಗುಂಡು ಹಾರಿಸಿದಾಗ ಅದು ಕೂತಲ್ಲೇ ಕೂರಬೇಕು, ಹಕ್ಕಿ ಎಲ್ಲಿ ಬಿತ್ತು ಅಂತ ನೆನಪಿಡಬೇಕು, ಹೇಳಿದ ಮೇಲೆ ಹೋಗಿ ಹುಡುಕಿ, ಹಲ್ಲಿನ ಗುರುತು ಬೀಳದ ಹಾಗೆ ತಂದು ಕೈಗೆ ಕೊಡಬೇಕು. ನಮಗೆ ಗುಂಡೂ ಬೇಡ, ಹಕ್ಕಿಯೂ ಬೇಡ. ಕಾಡುಪ್ರಾಣಿಗಳ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದು ಹಾಗೇ ಇರಬೇಕು ಕೂಡ. ಬಟ್ಟೆಯ ಒಂದು ಗಂಟು ಇದ್ದರೆ ಈ ವಿದ್ಯೆಯನ್ನೆಲ್ಲ ಕಲಿಸಬಹುದು.

ನಮ್ಮ ಮನೆಯ ಗೋಲ್ಡನ್ ಹೆಸರು ಕೆಂಚಿ. ಮೊದಲ ವರ್ಷ ನಾನು ದಾವಣಗೆರೆಯ ನಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ದಿನಾ ಸಂಜೆ ನಲವತ್ತು ಸಲ ಚೆಂಡು ಎಸೆಯುತ್ತಿದ್ದೆ, ದಣಿದರೆ ಮನೆಯಲ್ಲಿ ಸುಮ್ನೆ ಮಲಗುತ್ತಾಳೆ ಅಂತ. ಆಗಿದ್ದು ಉಲ್ಟಾ. ಚೆಂಡು ಕಂಡರೆ ಬೊಗಳುವುದು, ಹಾರುವುದು, ಕೈ ಎತ್ತುವ ಮೊದಲೇ ಓಡುವುದು. ಎಸೆದದ್ದೆಲ್ಲ ತನ್ನದೇ ಅಂತ ಅವಳಿಗೆ ನಾನೇ ಕಲಿಸಿದ್ದೆ. ಈಗ ಆರು ಸಲ ಎಸೆದರೆ ಮೂರನ್ನು ಅವಳು ತರುತ್ತಾಳೆ, ಉಳಿದ ಮೂರನ್ನು ಅವಳು ಕೂತು ನೋಡುತ್ತಿರುವಾಗ ನಾನೇ ನಡೆದುಹೋಗಿ ಎತ್ತಿಕೊಂಡು ಬರುತ್ತೇನೆ. ಈ ಲೇಖನದಲ್ಲಿ ಬೇರೆ ಏನೂ ನೆನಪಿಡದಿದ್ದರೂ ಇದೊಂದನ್ನು ಮಾಡಿ.

ಬೇಕಾದ ಸಾಮಾನು

ಡಮ್ಮಿ ಅಂದರೆ ಹಕ್ಕಿಯ ಬದಲಿಗೆ ಎಸೆಯುವ ಬಟ್ಟೆಯ ಉರುಳೆ. ಹಳೇ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಳಗೆ ಚಿಂದಿ ಬಟ್ಟೆ ಬಿಗಿಯಾಗಿ ತುರುಕಿ, ಎರಡೂ ಬಾಯಿ ಹೊಲಿದು, ಒಂದು ತುದಿಗೆ ಗೇಣುದ್ದದ ಹಗ್ಗ ಕಟ್ಟಿ. ಒಂದಡಿ ಉದ್ದ, ನಿಮ್ಮ ಮುಂಗೈ ದಪ್ಪ, ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ತೂಕ ಇರಲಿ. ಮರಿಗಾದರೆ ಸುತ್ತಿಟ್ಟ ಒಂದು ಜೊತೆ ಸಾಕ್ಸ್ ಸಾಕು. ಇದರ ಜೊತೆ ಉದ್ದ ಹಗ್ಗ, ಒಂದು ಸೀಟಿ. ಸೀಟಿ ಯಾಕೆಂದರೆ ನಮ್ಮ ದನಿ ಸಿಟ್ಟು ಬಂದಾಗ ಬದಲಾಗುತ್ತದೆ, ಸೀಟಿಯದ್ದು ಬದಲಾಗುವುದಿಲ್ಲ. ಒಂದೇ ಥರದ ಎರಡು ಕೊಳ್ಳಿ, ಒಂದು ಕಳೆದೇ ಹೋಗುತ್ತದೆ.

ಶುರು ಮಾಡುವುದು ಕೂರಿಸುವುದರಿಂದ

ಮೊದಲು ಮನೆಯವರೆಲ್ಲ ಸೇರಿ ಮಾತು ಒಂದೇ ಮಾಡಿಕೊಳ್ಳಿ. ನಮ್ಮಲ್ಲಿ ಅವ್ವ "ಕುಂದ್ರು" ಅನ್ನುತ್ತಿದ್ದಳು, ಮಗಳು "ಸಿಟ್" ಅನ್ನುತ್ತಿದ್ದಳು, ನಾಯಿ ಇಬ್ಬರ ಮುಖವನ್ನೂ ನೋಡುತ್ತಿತ್ತು. ಈಗ ಎಲ್ಲರದೂ "ಕುಂದ್ರು". ಊಟದ ತಟ್ಟೆ ಇಡುವ ಮುಂಚೆ, ಗೇಟು ತೆಗೆಯುವ ಮುಂಚೆ ಕೂರಿಸಿ, ಹತ್ತು ಎಣಿಸಿ. ಅದು ಗಟ್ಟಿಯಾದ ಮೇಲೆ ಸೀಟಿ ಸೇರಿಸಿ. ಒಂದು ಉದ್ದ ಸದ್ದು ಅಂದರೆ ನಿಲ್ಲು, ಕೂತು ನನ್ನನ್ನು ನೋಡು. ಪೀ-ಪೀ-ಪೀ ಅಂತ ಗಿಡ್ಡ ಸದ್ದುಗಳು ಅಂದರೆ ಬಾ. ಬಂದಾಗೆಲ್ಲ ಬೇಯಿಸಿದ ಚಿಕನ್ ಚೂರು ಕೊಡಿ, ಸಸ್ಯಾಹಾರಿ ಮನೆಯಾದರೆ ಪನೀರ್ ಚೂರು ಅಥವಾ ಉಪ್ಪು-ಖಾರ ಹಾಕದ ಮಂಡಕ್ಕಿ. ಕೊಟ್ಟಷ್ಟನ್ನು ರಾತ್ರಿ ಊಟದಲ್ಲಿ ಕಡಿಮೆ ಮಾಡಿ. ಕೆಲವು ಲ್ಯಾಬ್‌ಗಳಲ್ಲಿ ಹಸಿವು ಹೆಚ್ಚಿಸುವ ಒಂದು ಜೀನ್ ದೋಷ ಇರುವುದು 2016ರಲ್ಲಿ ಗೊತ್ತಾಗಿದೆ, ತೂಕ ಏರಿದರೆ ಸೊಂಟದ ಕೀಲಿಗೆ ಪೆಟ್ಟು.

ಕೈಗೆ ಕೊಡುವುದು

ಇಲ್ಲೇ ಜಾಸ್ತಿ ಜನ ಸೋಲುತ್ತಾರೆ. ನಾಯಿ ಏನಾದರೂ ತಂದ ಕೂಡಲೇ ನಾವು ಕಸಿದುಕೊಳ್ಳುತ್ತೇವೆ, ಅಲ್ವಾ? ಎರಡು ಸಲ ಕಸಿದರೆ ಮೂರನೇ ಸಲ ಅದು ದೂರ ನಿಂತು ಆಟ ಆಡಿಸುತ್ತದೆ. ಹಾಗಾಗಿ ಬಾಗಿಲುಗಳನ್ನೆಲ್ಲ ಹಾಕಿ, ಮನೆಯ ಉದ್ದ ಪಡಸಾಲೆಯಲ್ಲೋ ಕಾಂಪೌಂಡಿನ ಸಂದಿಯಲ್ಲೋ ಶುರು ಮಾಡಿ, ವಾಪಸ್ ಬರಲು ನಿಮ್ಮ ಕಡೆಯ ದಾರಿ ಬಿಟ್ಟು ಬೇರೆ ದಾರಿ ಇರಬಾರದು. ಡಮ್ಮಿಯನ್ನು ನಾಲ್ಕು ಹೆಜ್ಜೆ ದೂರ ಎಸೆಯಿರಿ. ತಂದಾಗ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು ಎದೆ ಸವರಿ, ಶಹಬ್ಬಾಸ್ ಅನ್ನಿ, ಡಮ್ಮಿ ಮುಟ್ಟಬೇಡಿ. ತಾನು ತಂದದ್ದಕ್ಕೆ ಬೆಲೆ ಇದೆ ಅಂತ ಅದಕ್ಕೆ ಅನ್ನಿಸಲಿ. ಐದಾರು ಸೆಕೆಂಡ್ ಆದ ಮೇಲೆ "ಕೊಡು" ಅಂತ ಕೆಳಗಿನಿಂದ ಕೈ ಒಡ್ಡಿ. ಬಿಡದಿದ್ದರೆ ಎಳೆಯಬೇಡಿ, ಮೂಗಿನ ಹತ್ತಿರ ತಿಂಡಿ ಹಿಡಿಯಿರಿ. ಹೊರಗೆ ಯಾವತ್ತಾದರೂ ಕಚ್ಚಿಕೊಂಡು ಓಡಿದರೆ ಬೆನ್ನು ಹತ್ತಬೇಡಿ. ನೀವು ಉಲ್ಟಾ ದಿಕ್ಕಿಗೆ ಓಡಿ, ಅದೇ ನಿಮ್ಮ ಹಿಂದೆ ಬರುತ್ತದೆ.

ನಾಲ್ಕರಿಂದ ಆರು ತಿಂಗಳ ಮರಿಗೆ ಹಾಲುಹಲ್ಲು ಬೀಳುತ್ತಿರುತ್ತವೆ. ವಸಡು ನೋಯುವಾಗ ತರುವ ಆಟ ಪೂರ್ತಿ ನಿಲ್ಲಿಸಿ.

ಕಾಯುವುದು, ನೆನಪಿಡುವುದು

ನಾಯಿಯನ್ನು ಪಕ್ಕದಲ್ಲಿ ಕೂರಿಸಿ, ಅದರ ಕೊರಳಪಟ್ಟಿಗೆ ಕಟ್ಟಿದ ಉದ್ದ ಹಗ್ಗದ ಮೇಲೆ ಕಾಲಿಡಿ. ಇಪ್ಪತ್ತು ಹೆಜ್ಜೆ ದೂರ ಎಸೆಯಿರಿ. ಏನೂ ಹೇಳಬೇಡಿ. ಎದ್ದರೆ ಮತ್ತೆ ಕೂರಿಸಿ, ಡಮ್ಮಿಯನ್ನು ನೀವೇ ತನ್ನಿ. ಕೂತೇ ಇದ್ದು ಒಮ್ಮೆ ನಿಮ್ಮ ಮುಖ ನೋಡಿದರೆ, ಆಗ "ತಗಂಬಾ" ಅಂತ ಕಳಿಸಿ.

ಆಮೇಲೆ ನೆನಪಿನ ಆಟ. ನಾಯಿಯ ಜೊತೆ ಬದುವಿನ ಮೇಲೆ ನಡೆಯುತ್ತಾ ಅದು ನೋಡುವ ಹಾಗೆ ಡಮ್ಮಿ ಬೀಳಿಸಿ, ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ತಿರುಗಿ ಕಳಿಸಿ. ನಾಳೆ ಐವತ್ತು, ಮುಂದಿನ ವಾರ ನೂರು. ದಿನಕ್ಕೆ ಹತ್ತೇ ನಿಮಿಷ, ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಮುಗಿದ ಮೇಲೆ ಡಮ್ಮಿ ಅಟ್ಟದ ಮೇಲಿರಬೇಕು. ಮನೆಯಲ್ಲಿ ಕಡಿಯಲು ಸಿಕ್ಕರೆ, ಹಲ್ಲು ಊರದೆ ಮೆತ್ತಗೆ ಹಿಡಿಯುವ ಅಭ್ಯಾಸ ಕೆಡುತ್ತದೆ.

ಎಲ್ಲಿ, ಯಾವಾಗ

ನಮ್ಮ ಕಡೆ ಬಿಸಿಲೇ ದೊಡ್ಡ ಶತ್ರು. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಏಳು ಸೆಕೆಂಡ್ ಒತ್ತಿ ಇಡಲು ಆಗದಿದ್ದರೆ ಅವತ್ತು ರಜೆ. ನಾಯಿ ವಿಪರೀತ ತೇಕುತ್ತಾ ತೂರಾಡಿದರೆ ತಕ್ಷಣ ನೀರು ಸುರಿದು, ಗಾಳಿ ಹಾಕುತ್ತಾ ಡಾಕ್ಟರ ಹತ್ತಿರ ಒಯ್ಯಿರಿ.

ಮೆಕ್ಕೆಜೋಳ ಕೊಯ್ದ ಹೊಲ ನೋಡಲು ಒಳ್ಳೇ ಮೈದಾನದ ಹಾಗಿರುತ್ತದೆ. ಆದರೆ ಚೂಪಾದ ಕೂಳೆ ಎದೆಗೆ, ಕಣ್ಣಿಗೆ ಚುಚ್ಚುತ್ತದೆ. ಬೀಳು ಬಿಟ್ಟ ಜಾಗ ನೋಡಿ, ಹೊಲದವರನ್ನು ಕೇಳಿ, ಔಷಧಿ ಯಾವಾಗ ಹೊಡೆದಿದ್ದರು ಅಂತಲೂ ಕೇಳಿ. ಕೊಳಕುಮಂಡಲ ಇರುವ ಸೀಮೆ, ದಟ್ಟ ಪೊದೆಗೆ ಕಳಿಸಬೇಡಿ. ಜಗಳೂರು ಕಡೆ ರಂಗಯ್ಯನದುರ್ಗ, ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಗಳ ಜಾಗ, ಅಲ್ಲಿಗೆ ನಾಯಿ ಬೇಡವೇ ಬೇಡ. ಬೇರೆಲ್ಲಾದರೂ ಮೊಲ ಎದ್ದರೆ ಉದ್ದ ಸೀಟಿ ಊದಿ ಕೂರಿಸಿ. ಅಷ್ಟು ದಿನ ಕಾಯಿಸಿದ್ದು ಆಗ ಕೆಲಸಕ್ಕೆ ಬರುತ್ತದೆ. ಮನೆಗೆ ಬಂದ ಮೇಲೆ ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಮತ್ತು ನೆಗ್ಗಿಲು ಮುಳ್ಳು ಹುಡುಕಿ.

ನೀರಿನ ವಿಷಯದಲ್ಲಿ ಕೈ ಮುಗಿದು ಕೇಳುತ್ತೇನೆ, ಭದ್ರಾ ನಾಲೆಗೂ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೂ ನಾಯಿ ಇಳಿಸಬೇಡಿ. ಜಾರುವ ಅಂಚಿನಲ್ಲಿ ಎಷ್ಟೇ ಚೆನ್ನಾಗಿ ಈಜುವ ನಾಯಿಯೂ ಮೇಲೆ ಹತ್ತಲಾರದೆ ಮುಳುಗುತ್ತದೆ. ಕುಂದವಾಡ ಕೆರೆ ಊರಿನವರು ಕುಡಿಯುವ ನೀರು, ಅದೂ ಬೇಡ. ಇಳಿಜಾರು ದಂಡೆಯ ಗೋಕಟ್ಟೆ ಸಿಕ್ಕರೆ ನೀವು ಮೊದಲು ಮೊಣಕಾಲುದ್ದ ಇಳಿಯಿರಿ, ಅದು ತಾನಾಗೇ ಬರಲಿ.

ಕೊನೆಗೆ, ಕಾಣದ್ದನ್ನು ತರುವುದು

ನಾಯಿ ಮನೆಯಲ್ಲಿರುವಾಗಲೇ ನೀವು ಹೋಗಿ, ನೆನಪಿನ ಆಟ ಆಡಿದ ಅದೇ ಜಾಗದಲ್ಲಿ ಡಮ್ಮಿ ಇಟ್ಟು ಬನ್ನಿ. ಕಣದಲ್ಲಿ ರಾಶಿ ತೂರುವವರ ಹಾಗೆ ಒಂದು ಹಿಡಿ ಮಣ್ಣು ಬಿಟ್ಟು ಗಾಳಿ ನೋಡಿ. ಗಾಳಿ ಡಮ್ಮಿಯ ಕಡೆಯಿಂದ ನಾಯಿಯ ಕಡೆಗೆ ಬೀಸುತ್ತಿರಬೇಕು, ವಾಸನೆ ಅದರ ಮೂಗಿಗೆ ತಾನಾಗೇ ಬರುತ್ತದೆ. ಕೈಯಲ್ಲಿ ದಿಕ್ಕು ತೋರಿಸಿ ಕಳಿಸಿ. ಅರ್ಧ ದಾರಿಯಲ್ಲಿ ನಿಂತು ತಿರುಗಿ ನೋಡಿದರೆ ಕೂಗಾಡಬೇಡಿ, ನಾಲ್ಕು ಹೆಜ್ಜೆ ನೀವೇ ಮುಂದೆ ನಡೆದು ಮತ್ತೆ ಕೈ ತೋರಿಸಿ. ಆಗಲೂ ಆಗದಿದ್ದರೆ ವಾಪಸ್ ಕರೆದು, ದೂರ ಅರ್ಧ ಮಾಡಿ. ಮೊದಲ ಸಲ ಕೆಂಚಿಗೆ ಹದಿನೈದು ಹೆಜ್ಜೆಯೇ ಸಾಕಾಗಿತ್ತು.