ಬಾಂಡ್ ಬಿಚ್ಚಿ ಬಿಜಿಪಿ ಹಾಕಿದ ಕಥೆ

"ಸರ್ವರ್ ಒಳಗೆ ಬಿಜಿಪಿನಾ? ನಿನಗೆ ರಾತ್ರಿ ನಿದ್ದೆ ಬೇಡವಾ?" ಎರಡು ವರ್ಷದ ಹಿಂದೆ ನಾನು ಈ ಮಾತು ತೆಗೆದಾಗ ಟೀಮಿನಲ್ಲಿ ಎಲ್ಲರೂ ಹೀಗೇ ಕೇಳಿದರು. ಬಿಜಿಪಿ ಎಂದರೆ ರೌಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು (ರೂಟ್) ಒಂದಕ್ಕೊಂದು ಹೇಳಿಕೊಳ್ಳುವ ಪ್ರೋಟೊಕಾಲ್. ಈಗ ಸುಮಾರು 400 ಸರ್ವರ್‌ಗಳಲ್ಲಿ ಬಾಂಡ್ (ಎರಡು ಪೋರ್ಟನ್ನು ಒಂದೇ ಎಂಬಂತೆ ಕಟ್ಟುವುದು) ಇಲ್ಲ. ಅವುಗಳ ಲೀಫ್ (ಸರ್ವರ್‌ಗಳು ನೇರ ಕೂಡುವ ಸ್ವಿಚ್) ಜೋಡಿಗಳ ನಡುವೆ ಪೀರ್ ಲಿಂಕೂ (ಎರಡು ಸ್ವಿಚ್‌ಗಳನ್ನು ಬೆಸೆಯುವ ಕೊಂಡಿ) ಇಲ್ಲ. ಯಾವ ಕೇಬಲ್ ಕಿತ್ತರೂ ಒಂದು ಸೆಕೆಂಡಿನೊಳಗೆ ಟ್ರಾಫಿಕ್ ಇನ್ನೊಂದು ಕಾಲಿನ ಮೇಲೆ ನಿಲ್ಲುತ್ತದೆ. ಅವತ್ತು ನಕ್ಕವರಲ್ಲಿ ಇಬ್ಬರು ಈಗ "ನಮ್ಮ ರ‍್ಯಾಕ್‌ಗಳಿಗೂ ಹಾಕಿಕೊಡು" ಎಂದು ಹಿಂದೆ ಬಿದ್ದಿದ್ದಾರೆ.

ಮೊದಲು ನಮ್ಮಲ್ಲಿದ್ದದ್ದು ಎಲ್ಲರ ಮನೆ ದೋಸೆಯೇ. ಎರಡು ಲೀಫ್, ನಡುವೆ ಎಂಎಲ್‌ಎಜಿ (ಎರಡು ಸ್ವಿಚ್ ಸರ್ವರ್‌ಗೆ ಒಂದೇ ಆಗಿ ಕಾಣುವ ಏರ್ಪಾಡು), ಸರ್ವರ್‌ನಲ್ಲಿ ಮೋಡ್ 4 ಬಾಂಡ್, ಅಂದರೆ ಎಲ್‌ಎಸಿಪಿ ಎಂಬ ಪ್ರೋಟೊಕಾಲ್‌ನಲ್ಲಿ ಸ್ವಿಚ್ ಜೊತೆ ಮಾತಾಡಿ ಎರಡೂ ಲಿಂಕ್ ಬಳಸುವ ಬಗೆ. ಕೇಬಲ್ ಕಿತ್ತರೆ ಬಾಂಡ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದಕ್ಕೆ ನಾನು ಕೆಟ್ಟ ಹೆಸರು ಕೊಡುವುದಿಲ್ಲ. ಮಿಮಾನ್ (ಲಿಂಕ್ ಇದೆಯೇ ಎಂದು ಎಷ್ಟು ಮಿಲಿಸೆಕೆಂಡಿಗೊಮ್ಮೆ ನೋಡಬೇಕೆಂಬ ಸೆಟ್ಟಿಂಗ್) 100 ಇಟ್ಟರೆ 200 ಮಿಲಿಸೆಕೆಂಡ್ ಒಳಗೆ ಮುಗಿಯುತ್ತದೆ. ತೊಂದರೆ ಇರುವುದು ದೀಪ ಉರಿಯುತ್ತಿದ್ದೂ ದಾರಿ ಸತ್ತಿರುವಾಗ.

ಒಂದು ರಾತ್ರಿ ಒಂದು ಜೋಡಿಯಲ್ಲಿ ಪೀರ್ ಲಿಂಕ್ ಬಿತ್ತು. ಸೆಕೆಂಡರಿ ಸ್ವಿಚ್ ನಿಯಮದ ಪ್ರಕಾರ ತನ್ನ ಪೋರ್ಟ್‌ಗಳನ್ನೆಲ್ಲ ಮುಚ್ಚಿಕೊಂಡಿತು. ಅದು ಸರಿಯೇ. ಆದರೆ ಐದು ಸರ್ವರ್‌ಗಳ ಇನ್ನೊಂದು ಕೇಬಲ್ ವಾರಗಟ್ಟಲೆ ಹಿಂದೆಯೇ ಸತ್ತಿತ್ತು. ಬಾಂಡ್ ಒಂದೇ ಕಾಲಲ್ಲಿ ನಿಂತು ಯಾರಿಗೂ ಹೇಳದೆ ನಗುತ್ತಿತ್ತು! ಐದೂ ಹೋದವು. ಇನ್ನೊಂದು ಸಲ ಒಂದು ಲೀಫ್‌ನ ಅಪ್‌ಲಿಂಕ್‌ಗಳೆಲ್ಲ (ಮೇಲಿನ ಸ್ಪೈನ್ ಸ್ವಿಚ್‌ಗಳ ಕಡೆಯ ಲಿಂಕ್‌ಗಳು) ಹೋದವು, ಸರ್ವರ್ ಕಡೆಯ ಪೋರ್ಟ್‌ಗಳು ಮಾತ್ರ ಹಸಿರಾಗಿಯೇ ಇದ್ದವು. ಅಪ್‌ಲಿಂಕ್ ಟ್ರ್ಯಾಕಿಂಗ್ (ಅಪ್‌ಲಿಂಕ್ ಹೋದರೆ ಸರ್ವರ್ ಕಡೆಯ ಪೋರ್ಟನ್ನೂ ಮುಚ್ಚುವುದು) ಹಾಕಲು ಮರೆತದ್ದು ನಾನೇ. ಅರ್ಧ ಟ್ರಾಫಿಕ್ ಹದಿನೈದು ನಿಮಿಷ ಬಾವಿಗೆ ಬಿತ್ತು. ಎಲ್‌ಎಸಿಪಿ ಸ್ಲೋ ರೇಟ್‌ನಲ್ಲಿದ್ದರೆ ಆಚೆಯವನು ಸತ್ತನೆಂದು ತಿಳಿಯಲು 90 ಸೆಕೆಂಡ್ ಕಾಯುವ ಕಥೆ ಬೇರೆ, ಬಿಡಿ.

ನೇರವಾಗಿ ಬಿಜಿಪಿಗೆ ಹಾರಲಿಲ್ಲ. ಮೊದಲು ಮೋಡ್ 1 (ಒಂದು ಲಿಂಕ್ ಕೆಲಸಕ್ಕೆ, ಇನ್ನೊಂದು ಕಾಯ್ದಿರಿಸಿ), ಜೊತೆಗೆ ಎಆರ್‌ಪಿ ("ಈ ಐಪಿ ಯಾರದು" ಎಂದು ಕೇಳಿ ಹಾರ್ಡ್‌ವೇರ್ ವಿಳಾಸ ಪಡೆಯುವುದು) ಮಾನಿಟರಿಂಗ್ ಹಾಕಿ ನೋಡಿದೆ. ಗೇಟ್‌ವೇಗೆ ಎಆರ್‌ಪಿ ಕೇಳುತ್ತಿದ್ದರೆ ದಾರಿ ಸತ್ತದ್ದು ಗೊತ್ತಾಗಬೇಕಲ್ವಾ? ಗೊತ್ತಾಗಲಿಲ್ಲ. ನಮ್ಮದು ಎನಿಕಾಸ್ಟ್ ಗೇಟ್‌ವೇ, ಎಲ್ಲ ಲೀಫ್‌ಗಳಲ್ಲೂ ಒಂದೇ ವಿಳಾಸ. ಉತ್ತರ ಕೊಡುತ್ತಿದ್ದದ್ದು ಎದುರಿನ ಲೀಫೇ. ಅಪ್‌ಲಿಂಕ್ ಇರಲಿ ಬಿಡಲಿ, "ನಾನಿದ್ದೇನೆ" ಎನ್ನುತ್ತಿತ್ತು. ಸರಿ ಎಂದು ಬೇರೆ ರ‍್ಯಾಕ್‌ನ ಒಂದು ಸರ್ವರ್ ಐಪಿಯನ್ನು ಟಾರ್ಗೆಟ್ ಮಾಡಿದೆ. ಅಲ್ಲೂ ಎಆರ್‌ಪಿ ಸಪ್ರೆಷನ್ ಆನ್ ಇತ್ತು. ಆ ಸರ್ವರ್ ಪರವಾಗಿಯೂ ಲೀಫೇ ಸುಳ್ಳು ಸಾಕ್ಷಿ ಹೇಳಿತು. ಎರಡು ವಾರ ಹಾಳು.

ಆಗಲೇ ತೀರ್ಮಾನಿಸಿದೆ. ದಾರಿ ಇದೆಯೋ ಇಲ್ಲವೋ ಎಂಬುದನ್ನು ರೂಟಿಂಗ್ ಪ್ರೋಟೊಕಾಲೇ ಸರ್ವರ್‌ಗೆ ಹೇಳಲಿ. ಡೇಟಾ ಸೆಂಟರ್ ಒಳಗೆ ಬಿಜಿಪಿ ಬಳಸುವ ಬಗ್ಗೆ 2016ರಲ್ಲೇ ಆರ್‌ಎಫ್‌ಸಿ 7938 ಎಂಬ ತಾಂತ್ರಿಕ ದಾಖಲೆ ಬಂದಿದೆ. ನಾನು ಅದನ್ನು ಇನ್ನೊಂದು ಹೆಜ್ಜೆ ಕೆಳಗೆ, ಸರ್ವರ್‌ವರೆಗೆ ಎಳೆದೆ ಅಷ್ಟೆ. ಸರ್ವರ್‌ನಲ್ಲಿ ಎಫ್‌ಆರ್‌ಆರ್ (ರೂಟಿಂಗ್ ಸಾಫ್ಟ್‌ವೇರ್), ಎರಡೂ ಪೋರ್ಟ್‌ನಲ್ಲಿ ಅನ್‌ನಂಬರ್ಡ್ ಬಿಜಿಪಿ (ಪೋರ್ಟಿಗೆ ಬೇರೆ ಐಪಿ ಕೊಡದೆ ನಡೆಯುವಂಥದ್ದು), ಲೂಪ್‌ಬ್ಯಾಕ್‌ನಲ್ಲಿ (ಯಾವ ಪೋರ್ಟಿಗೂ ಅಂಟದ ಒಳಗಿನ ಇಂಟರ್‌ಫೇಸ್) /32, ಅಂದರೆ ಸರ್ವರ್‌ನ ಒಂದೇ ಐಪಿ. ಮೇಲಿನಿಂದ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ್ದಕ್ಕೆಲ್ಲ ಬಳಸುವ ದಾರಿ) ಬರುತ್ತದೆ, ಕೆಳಗಿನಿಂದ /32 ಹೋಗುತ್ತದೆ.

ಮೊದಲ ಸರ್ವರ್‌ನಲ್ಲಿ ಸೆಷನ್ನೇ ಏಳಲಿಲ್ಲ. ಇಡೀ ದಿನ ಸ್ವಿಚ್ಚನ್ನು ಬೈದೆ. ಕೊನೆಗೆ ನೋಡಿದರೆ ನಮ್ಮದೇ ಫೈರ್‌ವಾಲ್ ಟೆಂಪ್ಲೇಟ್ ಐಸಿಎಂಪಿವಿ6 (ಐಪಿವಿ6ನ ನಿಯಂತ್ರಣ ಸಂದೇಶಗಳು) ಪೂರ್ತಿ ಡ್ರಾಪ್ ಮಾಡುತ್ತಿತ್ತು. ಅದರಲ್ಲೇ ಬರುವ ರೌಟರ್ ಅಡ್ವರ್ಟೈಸ್‌ಮೆಂಟ್ ("ನಾನಿಲ್ಲಿದ್ದೇನೆ" ಎಂಬ ಸಂದೇಶ) ಸಿಗದಿದ್ದರೆ ಅನ್‌ನಂಬರ್ಡ್‌ಗೆ ನೆರೆಯವನೇ ಕಾಣುವುದಿಲ್ಲ.

ಆಮೇಲೆ ಬಿಎಫ್‌ಡಿ, ಅಂದರೆ ಎರಡೂ ತುದಿ ಆಗಾಗ ಚಿಕ್ಕ ಪ್ಯಾಕೆಟ್ ಕಳಿಸಿ ದಾರಿ ಬದುಕಿದೆಯೇ ಎಂದು ನೋಡುವುದು. ಜೋಶ್‌ನಲ್ಲಿ 50 ಮಿಲಿಸೆಕೆಂಡ್, ಮೂರು ಸಲ ತಪ್ಪಿದರೆ ಡೌನ್ ಎಂದಿಟ್ಟೆ. ಹಗಲೆಲ್ಲ ಸೂಪರ್. ರಾತ್ರಿ ಬ್ಯಾಕಪ್ ಶುರುವಾದ ಕೂಡಲೇ ಸೆಷನ್‌ಗಳು ಕುಣಿಯತೊಡಗಿದವು. ಬಿಎಫ್‌ಡಿ ಡೀಮನ್ ಓಡುವುದು ಯೂಸರ್ ಸ್ಪೇಸ್‌ನಲ್ಲಿ, ಸಿಪಿಯು ಸಿಗದಿದ್ದರೆ ಅದೇನು ಮಾಡುತ್ತದೆ? 300ಕ್ಕೆ ಮೂರು ಎಂದು ಬದಲಿಸಿದೆ, ತಣ್ಣಗಾಯಿತು. ಲಿಂಕ್ ಬಿದ್ದರೆ ಕರ್ನಲ್ ತಕ್ಷಣ ಹೇಳುತ್ತದೆ. ಬಿಎಫ್‌ಡಿ ಬೇಕಾಗುವುದು ಸದ್ದಿಲ್ಲದ ಸಾವಿಗೆ ಮಾತ್ರ, ಅದಕ್ಕೆ 900 ಮಿಲಿಸೆಕೆಂಡ್ ಸಾಕು.

ಈಗ ದೊಡ್ಡ ಎಡವಟ್ಟು. ಸರ್ವರ್‌ನಿಂದ ಹೊರಗೆ ಹೋಗುವ ರೂಟ್‌ಗಳಿಗೆ ನಾನು ಫಿಲ್ಟರ್ ಹಾಕಿರಲಿಲ್ಲ. ಒಂದು ಲೀಫ್‌ನಿಂದ ಕಲಿತದ್ದನ್ನು ಸರ್ವರ್ ಇನ್ನೊಂದು ಲೀಫ್‌ಗೆ ಹೇಳುತ್ತಿತ್ತು. ಎಎಸ್ ಪಾತ್ (ರೂಟ್ ದಾಟಿಬಂದ ನೆಟ್‌ವರ್ಕ್‌ಗಳ ಪಟ್ಟಿ, ಚಿಕ್ಕದಕ್ಕೇ ಆದ್ಯತೆ) ಉದ್ದ ಇದ್ದದ್ದರಿಂದ ಯಾರೂ ಅದನ್ನು ಬಳಸಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ಒಂದು ದಿನ ಒಂದು ಲೀಫ್‌ನ ಅಪ್‌ಲಿಂಕ್‌ಗಳನ್ನು ಬೇಕಂತಲೇ ಕಿತ್ತು ಟೆಸ್ಟ್ ಮಾಡುತ್ತಿದ್ದೆ. ಡಿಫಾಲ್ಟ್ ರೂಟ್ ಹೋಗಬೇಕಿತ್ತು, ಹೋಗಲೇ ಇಲ್ಲ. ನೋಡಿದರೆ ಇಡೀ ರ‍್ಯಾಕ್‌ನ ಟ್ರಾಫಿಕ್ 25 ಗಿಗಾದ ಒಂದು ಬಡಪಾಯಿ ಕಂಟೇನರ್ ಹೋಸ್ಟ್ ಮೂಲಕ ದಾಟುತ್ತಿದೆ! ಅದರಲ್ಲಿ ಐಪಿ ಫಾರ್ವರ್ಡಿಂಗ್ (ಬೇರೆಯವರ ಪ್ಯಾಕೆಟ್ ದಾಟಿಸುವುದು) ಆನ್ ಇತ್ತಲ್ಲ. ಅಂದಿನಿಂದ ಸರ್ವರ್ ತನ್ನ /32 ಬಿಟ್ಟು ಬೇರೇನೂ ಹೇಳುವ ಹಾಗಿಲ್ಲ. ಲೀಫ್ ಕಡೆಯಲ್ಲೂ ಪ್ರಿಫಿಕ್ಸ್ ಲಿಸ್ಟ್ (ಯಾವ ರೂಟ್ ಒಪ್ಪಬೇಕು), ಮ್ಯಾಕ್ಸ್ ಪ್ರಿಫಿಕ್ಸ್ (ಎಷ್ಟು ಒಪ್ಪಬೇಕು) ಎರಡೂ ಇವೆ. ಸರ್ವರ್ ಟೀಮನ್ನು ನಂಬುತ್ತೇನೆ, ಅವರ ಕಾನ್ಫಿಗ್ ಫೈಲನ್ನು ನಂಬುವುದಿಲ್ಲ.

ಡಿಫಾಲ್ಟ್ ರೂಟ್ ಮಾತು ಬಂತಲ್ಲ, ಅದನ್ನು ಲೀಫ್ ತಾನೇ ಹುಟ್ಟಿಸಬಾರದು. ಸ್ಪೈನ್‌ನಿಂದ ಬಂದದ್ದನ್ನೇ ದಾಟಿಸಬೇಕು. ಲೀಫ್ ಸುಮ್ನೆ ಡಿಫಾಲ್ಟ್ ಒರಿಜಿನೇಟ್ ಮಾಡಿದರೆ ಅಪ್‌ಲಿಂಕ್ ಸತ್ತಾಗ ಮತ್ತೆ ಅದೇ ಬಾವಿ. ಸ್ವಿಚ್ ರೀಬೂಟ್ ಆಗಿ ಎದ್ದಾಗಲೂ ಒಂದು ಚಿಕ್ಕ ಗುಂಡಿ ಇದೆ. ರೂಟ್ ಚಿಪ್‌ಗೆ ಇಳಿಯುವ ಮೊದಲೇ ಬಿಜಿಪಿ "ಬನ್ನಿ" ಎಂದು ಕರೆಯುತ್ತದೆ. ಅದನ್ನು ತಡೆಯಲು ಎರಡು ನಾಬ್ (ಸೆಟ್ಟಿಂಗ್) ಬೇಕಾದವು. ಒಂದು, ಹಾರ್ಡ್‌ವೇರ್‌ಗೆ ಇಳಿಯುವವರೆಗೆ ರೂಟನ್ನು ಹಿಡಿದಿಡುವುದು. ಇನ್ನೊಂದನ್ನು ಹುಡುಕಲು ನನಗೆ ಮೂರು ತಿಂಗಳು ಹಿಡಿಯಿತು, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. ಪ್ರತಿ ಲೀಫ್‌ನಲ್ಲಿ ಆರು 100 ಗಿಗಾ ಪೋರ್ಟ್, ಅದರಲ್ಲಿ ಎರಡು ಪೀರ್ ಲಿಂಕ್‌ಗೆ. 12 ಜೋಡಿಗೆ 48 ಪೋರ್ಟ್ ಸುಮ್ನೆ ಕೂತಿದ್ದವು. ಅವನ್ನೆಲ್ಲ ಅಪ್‌ಲಿಂಕ್ ಮಾಡಿದೆ. ಹೊಸ ಸ್ವಿಚ್ ಕೊಳ್ಳದೆ ಅಪ್‌ಲಿಂಕ್ ನಾಲ್ಕರಿಂದ ಆರಾಯಿತು ಎಂದು ಮೀಟಿಂಗ್‌ನಲ್ಲಿ ಎದೆ ಉಬ್ಬಿಸಿ ಹೇಳಿದೆ. ಆಮೇಲೆ ನೆನಪಾಯಿತು, ಪೀರ್ ಲಿಂಕ್‌ಗೆ ಇದ್ದದ್ದು ಮೋಟು ತಾಮ್ರದ ಕೇಬಲ್. ಸ್ಪೈನ್‌ವರೆಗೆ ಅದು ಎಟುಕುವುದಿಲ್ಲ. ಎರಡೂ ತುದಿ ಸೇರಿ 96 ಆಪ್ಟಿಕ್ಸ್ (ಫೈಬರ್ ಕೇಬಲ್‌ಗೆ ಬೇಕಾದ ಮಾಡ್ಯೂಲ್) ಬೇಕಾದವು. ಚೆನ್ನಾಗಿ ಬೈಸಿಕೊಂಡೆ. ಎಂಎಲ್‌ಎಜಿ ಬಿಟ್ಟದ್ದರಿಂದ ಒಂದು ಲೈಸೆನ್ಸ್ ನವೀಕರಣ ತಪ್ಪಿತು, ಅದರಿಂದ ಮುಖ ಉಳಿಯಿತು.

ಎಲ್ಲ ಸರ್ವರ್‌ಗೂ ಇದು ಒಗ್ಗುವುದಿಲ್ಲ. ಲೈವ್ ಮೈಗ್ರೇಷನ್‌ಗೆ (ಓಡುತ್ತಿರುವ ವರ್ಚುವಲ್ ಯಂತ್ರವನ್ನು ಬೇರೆ ಸರ್ವರ್‌ಗೆ ಸಾಗಿಸುವುದು) ಲೇಯರ್ 2 (ರೂಟಿಂಗ್ ಇಲ್ಲದ ಒಂದೇ ಸ್ವಿಚ್ ನೆಟ್‌ವರ್ಕ್) ಬೇಕೇ ಬೇಕು ಎನ್ನುವ ಹೈಪರ್‌ವೈಸರ್‌ಗಳನ್ನು (ವರ್ಚುವಲ್ ಯಂತ್ರ ಓಡಿಸುವ ಸರ್ವರ್) ಹಳೆಯ ಬಾಂಡ್‌ನಲ್ಲೇ, ಪೀರ್ ಲಿಂಕ್ ಸಮೇತ, ಬೇರೆ ರ‍್ಯಾಕ್‌ಗಳಲ್ಲಿ ಬಿಟ್ಟಿದ್ದೇನೆ. ಪಿಎಕ್ಸ್‌ಇ ಬೂಟ್ (ನೆಟ್‌ವರ್ಕ್‌ನಿಂದಲೇ ಸರ್ವರ್ ಏಳಿಸುವುದು) ಕೂಡ ತಲೆನೋವು. ಎಫ್‌ಆರ್‌ಆರ್ ಇಲ್ಲದ ಖಾಲಿ ಸರ್ವರ್‌ಗೆ ಬಿಜಿಪಿ ಎಲ್ಲಿಂದ ಬರಬೇಕು? ಇನ್‌ಸ್ಟಾಲ್ ಎಲ್ಲ ಈಗ ಮ್ಯಾನೇಜ್‌ಮೆಂಟ್ ಕಡೆಯ 1 ಗಿಗಾ ಪೋರ್ಟಿನಿಂದ. ನಿಧಾನ, ಆದರೆ ಆಗುತ್ತದೆ.

ಮಧ್ಯೆ ಒಂದು ಪ್ರಯೋಗ. ಎರಡು ಲಿಂಕ್ ಇದ್ದರೂ ಸ್ಟೋರೇಜ್ ಟ್ರಾಫಿಕ್ ಒಂದರಲ್ಲೇ ಹೋಗುತ್ತಿತ್ತು. ಲಿನಕ್ಸ್‌ನಲ್ಲಿ ಯಾವ ಪ್ಯಾಕೆಟ್ ಯಾವ ದಾರಿಗೆ ಎಂದು ಆರಿಸುವ ಮಲ್ಟಿಪಾತ್ ಹ್ಯಾಶ್ ಡಿಫಾಲ್ಟ್ ಆಗಿ ಐಪಿ ವಿಳಾಸಗಳನ್ನು ಮಾತ್ರ ನೋಡುತ್ತದೆ. ಪಾಲಿಸಿಯನ್ನು 1 ಮಾಡಿದ ಮೇಲೆ ಟಿಸಿಪಿ/ಯುಡಿಪಿ ಪೋರ್ಟ್ ನಂಬರೂ ಲೆಕ್ಕಕ್ಕೆ ಬಂತು, ಹೆಚ್ಚುಕಡಿಮೆ ಸಮನಾಗಿ ಹಂಚಿತು. ಇದಕ್ಕೂ ಫೇಲ್‌ಓವರ್‌ಗೂ ಸಂಬಂಧವಿಲ್ಲ, ಆದರೆ ಸ್ಟೋರೇಜ್ ಟೀಮ್ ನನ್ನ ಪರ ನಿಂತದ್ದು ಇದರಿಂದಲೇ.

ಅಳತೆಗೆ ನಾನು ಬಳಸಿದ್ದು ಸಾದಾ ಪಿಂಗ್, 10 ಮಿಲಿಸೆಕೆಂಡ್‌ಗೊಂದು. ಕಳೆದ ಪ್ಯಾಕೆಟ್ ಎಣಿಸಿ ಹತ್ತರಿಂದ ಗುಣಿಸಿದರೆ ಆಯಿತು. ನೆನಪಿನಲ್ಲಿರುವಂತೆ ಕೇಬಲ್ ಕಿತ್ತಾಗ 20ರಿಂದ 30 ಪ್ಯಾಕೆಟ್ ಹೋದವು. ಸದ್ದಿಲ್ಲದ ಸಾವಿನಲ್ಲಿ 90ರ ಆಸುಪಾಸು. ಮೊದಲ ಸಲ ಮಾತ್ರ ಸುಮಾರು 30 ಸೆಕೆಂಡ್ ಹೋಗಿತ್ತು. ಸ್ಪೈನ್‌ನಲ್ಲಿ ಅಡ್ವರ್ಟೈಸ್‌ಮೆಂಟ್ ಇಂಟರ್ವಲ್ (ರೂಟ್ ಬದಲಾವಣೆ ಹೇಳುವುದರ ನಡುವಿನ ಅಂತರ) 30 ಸೆಕೆಂಡ್ ಇದ್ದದ್ದನ್ನು ಯಾರೂ ಸೊನ್ನೆ ಮಾಡಿರಲಿಲ್ಲ.

ಕಳೆದ ತಿಂಗಳು ಲೀಫ್‌ಗಳ ಸಾಫ್ಟ್‌ವೇರ್ ಬದಲಿಸಿದೆವು. ಪ್ರತಿಯೊಂದನ್ನೂ ಮೊದಲು ಗ್ರೇಸ್‌ಫುಲ್ ಶಟ್‌ಡೌನ್ ಕಮ್ಯುನಿಟಿ ("ನನ್ನನ್ನು ಬಿಟ್ಟು ಬೇರೆ ದಾರಿ ಹಿಡಿ" ಎಂದು ರೂಟ್‌ಗೆ ಅಂಟಿಸುವ ಗುರುತು), ಅಂದರೆ 65535:0, ಹಾಕಿ ಖಾಲಿ ಮಾಡಿ ಆಮೇಲೆ ರೀಬೂಟ್. ಮೊದಲೆಲ್ಲ ಇದಕ್ಕೆ ನಡುರಾತ್ರಿ ವಿಂಡೋ ಕೇಳುತ್ತಿದ್ದೆವು. ಈ ಸಲ ಮಧ್ಯಾಹ್ನ ಮೂರಕ್ಕೆ ಶುರು ಮಾಡಿದೆ. ಅಪ್ಲಿಕೇಷನ್ ಟೀಮಿನವರು ಸಂಜೆ ಫೋನ್ ಮಾಡಿ, "ಯಾವಾಗ ಶುರು ಮಾಡುತ್ತೀರಿ?" ಎಂದು ಕೇಳಿದರು. ಅಷ್ಟೊತ್ತಿಗೆ ಎಂಟು ಲೀಫ್ ಮುಗಿದಿತ್ತು.