ಡಿಸ್ಕ್ ಹೋಗಿರಲಿಲ್ಲ, ಕಾಣುತ್ತಿರಲಿಲ್ಲ ಅಷ್ಟೇ

ಮಗಳಿಗೆ ಡಿಪ್ಲೊಮಾ ಲ್ಯಾಬ್‌ಗೆ ಲಿನಕ್ಸ್ ಬೇಕಿತ್ತು, ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಅದು. ನನಗೆ ವಿಂಡೋಸ್ ಬಿಡುವ ಹಾಗಿರಲಿಲ್ಲ. ನನ್ನದು ಡಿಟಿಪಿ ಕೆಲಸ. ಹದಿನೈದು ವರ್ಷದ ಲಗ್ನಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿವೆ, ಎಲ್ಲ ಕಡೆ ಓದಲಾಗುವ ಯೂನಿಕೋಡ್ ಅಲ್ಲ. ಅವಕ್ಕೆ ನನಗೆ ವಿಂಡೋಸೇ ಬೇಕು. ಮನೆಯಲ್ಲಿರುವುದು 2019ರಲ್ಲಿ ತಗೊಂಡ ಒಂದೇ ಲ್ಯಾಪ್‌ಟಾಪ್. ಹಾಗಾಗಿ ಎರಡನ್ನೂ ಅದರಲ್ಲೇ ಇಟ್ಟುಕೊಳ್ಳೋಣ ಅಂತ ಹೊರಟೆವು.

ಮೊದಲು ಫೈಲ್‌ಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿದೆ. ಪೆನ್‌ಡ್ರೈವ್‌ಗೆ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿ ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿದೆ, ಅಂದರೆ ಶುರು ಮಾಡಿದೆ. ಸೌಂಡ್, ವೈಫೈ, ಟಚ್‌ಪ್ಯಾಡ್ ಎಲ್ಲ ಸರಿಯಾಗಿದ್ದವು. ಖುಷಿಯಿಂದ ಇನ್‌ಸ್ಟಾಲ್ ಒತ್ತಿದೆ. ಡಿಸ್ಕ್ ಆರಿಸುವ ಕಡೆ ಬಂದರೆ ಪಟ್ಟಿಯಲ್ಲಿ ಪೆನ್‌ಡ್ರೈವ್ ಒಂದೇ. ಲ್ಯಾಪ್‌ಟಾಪ್ ಒಳಗಿನ ಡಿಸ್ಕ್ ಆದ 512 ಜಿಬಿ ಎಸ್‌ಎಸ್‌ಡಿಯ ಸುಳಿವೇ ಇಲ್ಲ.

"ಅಪ್ಪಾ, ಡಿಸ್ಕ್ ಹೋಯ್ತಾ?" ಅಂದಳು ಮಗಳು. ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದರೆ, "ಎಸ್‌ಎಸ್‌ಡಿ ಹೋಗಿರಬೇಕು ಸಾರ್, ಹೊಸದು ಹಾಕಿಸಿಬಿಡಿ" ಅಂದರು. ನಾನೂ ಅದನ್ನೇ ನಂಬಿದ್ದೆ. ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿದರೆ ವಿಂಡೋಸ್ ಎಂದಿನಂತೆ ಎದ್ದಿತು. ಡಿಸ್ಕ್ ಹೋಗಿದ್ದರೆ ವಿಂಡೋಸ್ ಎಲ್ಲಿಂದ ಏಳಬೇಕು? ಲಿನಕ್ಸ್‌ಗೆ ಕಾಣದ್ದೆಲ್ಲ ಕೆಟ್ಟಿದೆ ಅಂತ ಅಲ್ಲ.

ಮತ್ತೆ ಪೆನ್‌ಡ್ರೈವ್ ಹಾಕಿ, ಟರ್ಮಿನಲ್ ತೆರೆದು, ಬೂಟ್ ಆಗುವಾಗ ಲಿನಕ್ಸ್‌ನ ತಿರುಳಾದ ಕರ್ನೆಲ್ ಬರೆದಿಡುವ ಲಾಗ್ ಓದಿದೆ. ಡಿಮೆಸೆಜ್ ಅನ್ನುವ ಕಮಾಂಡ್ ಅದನ್ನು ತೋರಿಸುತ್ತದೆ. ಸಾವಿರಾರು ಸಾಲುಗಳ ನಡುವೆ ಒಂದು ಸಾಲಲ್ಲಿ ಉತ್ತರವೇ ಇತ್ತು: ರೀಮ್ಯಾಪ್ ಆದ ಒಂದು ಎನ್‌ವಿಎಂಇ ಸಾಧನ ಸಿಕ್ಕಿದೆ, ಬಳಸಬೇಕಾದರೆ ಬಯಾಸ್‌ನಲ್ಲಿ ರೈಡ್‌ನಿಂದ ಎಎಚ್‌ಸಿಐಗೆ ಬದಲಿಸಿ. ಎನ್‌ವಿಎಂಇ ಸಾಧನ ಅಂದರೆ ನಮ್ಮ ಎಸ್‌ಎಸ್‌ಡಿಯೇ. ಬಯಾಸ್ ಅಂದರೆ ವಿಂಡೋಸ್‌ಗೂ ಮೊದಲು ಏಳುವ, ಬೋರ್ಡಿನಲ್ಲೇ ಇರುವ ಸೆಟ್ಟಿಂಗ್ಸ್. ರೈಡ್, ಎಎಚ್‌ಸಿಐ ಎಂಬುವು ಡಿಸ್ಕನ್ನು ನಡೆಸುವ ಎರಡು ವಿಧಾನ. ಪರಿಹಾರವನ್ನೂ ಅದೇ ಹೇಳಿದೆ ನೋಡಿ. ಇಂಥ ಸಾಲು ಬರೆದಿಟ್ಟವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಬಯಾಸ್‌ನಲ್ಲಿ ಸಾಟಾ ಮೋಡ್ ಎಂಬಲ್ಲಿ ರೈಡ್ ಇದ್ದರೆ ಎಸ್‌ಎಸ್‌ಡಿ ಇನ್ನೊಂದು ಕಂಟ್ರೋಲರ್‌ನ ಹಿಂದೆ ಅಡಗುತ್ತದೆ. ಆ ಕಂಟ್ರೋಲರ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ವಿಂಡೋಸ್‌ನಲ್ಲಿ ಇರುತ್ತದೆ, ಹಾಗಾಗಿ ವಿಂಡೋಸ್‌ಗೆ ಡಿಸ್ಕ್ ಕಾಣುತ್ತದೆ. ಲಿನಕ್ಸ್‌ಗೆ ಕಾಣುವುದಿಲ್ಲ. ಆದರೆ ಸುಮ್ನೆ ಹೋಗಿ ಎಎಚ್‌ಸಿಐ ಮಾಡಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಅದರ ಬೂಟ್ ಹೊತ್ತಿಗೆ ಎಎಚ್‌ಸಿಐ ಡ್ರೈವರ್ ತಯಾರಿರುವುದಿಲ್ಲ. ದಾರಿ ಇಷ್ಟೇ. ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ಎಂಬ ಸೆಟ್ಟಿಂಗ್ಸ್ ಕಿಟಕಿ ತೆರೆದು ಸೇಫ್ ಬೂಟ್ ಟಿಕ್ ಮಾಡಬೇಕು. ರೀಸ್ಟಾರ್ಟ್ ಆಗುವಾಗ ನೇರ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಬೇಕು. ವಿಂಡೋಸ್ ಸೇಫ್ ಮೋಡ್‌ನಲ್ಲಿ, ಅಂದರೆ ತೀರ ಅಗತ್ಯದ್ದರ ಜೊತೆ ಮಾತ್ರ, ಎದ್ದು ಹೊಸ ಡ್ರೈವರ್ ಹಿಡಿದುಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದರಾಯಿತು. ಸೇಫ್ ಮೋಡ್‌ನಲ್ಲಿ ಪಿನ್ ಬದಲು ಪಾಸ್‌ವರ್ಡ್ ಕೇಳಬಹುದು, ನೆನಪಿರಲಿ.

ಅದಕ್ಕೂ ಮೊದಲು ಇನ್ನೊಂದು ನೋಡಿದೆ, ನೋಡಿದ್ದೇ ಒಳ್ಳೆಯದಾಯಿತು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್, ಅಂದರೆ ಡಿಸ್ಕ್‌ನಲ್ಲಿರುವುದಕ್ಕೆಲ್ಲ ಗುಪ್ತಲಿಪಿಯ ಬೀಗ, ಆನ್ ಇತ್ತು. ನಾನಾಗಿ ಯಾವತ್ತೂ ಆನ್ ಮಾಡಿರಲಿಲ್ಲ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿ ಆನ್ ಆಗಿರುತ್ತದೆ. ಹಾಗಿದ್ದಾಗ ಬಯಾಸ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ಡಿಸ್ಕ್‌ನಲ್ಲಿರುವುದೆಲ್ಲ ಕೈತಪ್ಪಿದಂತೆ. ಅಕೌಂಟ್‌ನಲ್ಲಿ ಕೀ ಹುಡುಕಿದೆವು. ಆರಾರು ಅಂಕಿಯ ಎಂಟು ಗುಂಪು. ಮಗಳು ಒಂದೊಂದು ಗುಂಪನ್ನು ಗಟ್ಟಿಯಾಗಿ ಓದಿದಳು, ನಾನು ಹಳೇ ಪ್ರೂಫ್ ಹಾಳೆಯ ಹಿಂದೆ ಬರೆದೆ. ಆಮೇಲೆ ನಾನು ಓದಿದೆ, ಅವಳು ತಾಳೆ ನೋಡಿದಳು. ನಂತರ ಎನ್‌ಕ್ರಿಪ್ಶನ್ ಆಫ್ ಮಾಡಿ, ಪೂರ್ತಿ ಮುಗಿಯುವ ತನಕ ಕಾದೆ.

ಜಾಗ ಬಿಡಿಸುವಾಗಲೂ ಒಂದು ತೊಡಕು. ಸಿ ಡ್ರೈವ್‌ನಲ್ಲಿ 200 ಜಿಬಿಗೂ ಜಾಸ್ತಿ ಖಾಲಿ ಇದ್ದರೂ ಡಿಸ್ಕ್ ಮ್ಯಾನೇಜ್‌ಮೆಂಟ್ 18 ಜಿಬಿ ಮಾತ್ರ ಕುಗ್ಗಿಸುತ್ತೇನೆ ಅಂದಿತು. ಜರುಗಿಸಲಾಗದ ಫೈಲ್‌ಗಳು ಮಧ್ಯದಲ್ಲಿ ಕೂತಿದ್ದವು. ಮೆಮೊರಿಯಲ್ಲಿದ್ದುದನ್ನು ಡಿಸ್ಕ್‌ಗೆ ಬರೆದು ಮಲಗುವ ಹೈಬರ್ನೇಶನ್ ಆಫ್ ಮಾಡಿ, ಮೆಮೊರಿ ಸಾಲದಾಗ ಬಳಸುವ ಪೇಜ್‌ಫೈಲ್ ಸ್ವಲ್ಪ ಹೊತ್ತು ತೆಗೆದ ಮೇಲೆ 100 ಜಿಬಿ ಸಿಕ್ಕಿತು. ಹೈಬರ್ನೇಶನ್ ಹೋದರೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಅದು ಹೋಗಲೇಬೇಕು. ಅದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸ್ ಕಡೆಯಿಂದ ಆ ಡ್ರೈವ್‌ಗೆ ಬರೆಯಲು ಆಗುವುದಿಲ್ಲ.

ಬಯಾಸ್‌ನಲ್ಲಿ ಎಎಚ್‌ಸಿಐ ಮಾಡಿದ್ದರಿಂದ ಈ ಸಲ ಇನ್‌ಸ್ಟಾಲರ್‌ನಲ್ಲಿ ಎಸ್‌ಎಸ್‌ಡಿ ಬಂತು. ಖಾಲಿ ಜಾಗದಲ್ಲಿ ಲಿನಕ್ಸ್‌ಗಾಗಿ ಎಕ್ಸ್‌ಟಿ4 ಎಂಬ ಬಗೆಯ ಪಾರ್ಟಿಶನ್, ಅಂದರೆ ಡಿಸ್ಕ್‌ನ ಒಂದು ಭಾಗ, ಮಾಡಿದೆ. ಮೊದಲೇ ಇದ್ದ 260 ಎಂಬಿಯ ಇಎಫ್‌ಐ ಪಾರ್ಟಿಶನ್ನೇ ಎರಡಕ್ಕೂ ಸಾಕು, ಅದನ್ನು ಮಾತ್ರ ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್‌ನ ಬೂಟ್ ಫೈಲ್‌ಗಳು ಇರುವುದೇ ಅಲ್ಲಿ.

ರೀಸ್ಟಾರ್ಟ್ ಮಾಡಿದರೆ ನೇರ ವಿಂಡೋಸ್ ಬಂತು. ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಮಿಂಟ್ ಎಂಬ ಹೆಸರೇ ಇಲ್ಲ, ಕೆಳಗೆ 'ಉಬುಂಟು' ಅಂತ ಇತ್ತು. ಉಬುಂಟು ಎಂಬ ಇನ್ನೊಂದು ಲಿನಕ್ಸ್ ಆಧಾರದ ಮಿಂಟ್ ಅಲ್ಲಿ ಆ ಹೆಸರಿನಲ್ಲೇ ದಾಖಲಾಗುತ್ತದೆ. ಅದನ್ನು ಮೇಲಕ್ಕೆ ತಂದೆ, ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳುವ ಗ್ರಬ್ ಮೆನು ಬಂತು.

ಮಾರನೇ ದಿನ ಮಧ್ಯಾಹ್ನ 12:10ಕ್ಕೆ ವಿಂಡೋಸ್ ಗಡಿಯಾರ 6:40 ತೋರಿಸುತ್ತಿತ್ತು. ಸರಿಯಾಗಿ ಐದೂವರೆ ಗಂಟೆ ಹಿಂದೆ. ಬೋರ್ಡಿನ ಬ್ಯಾಟರಿ ಮೇಲೆ ಅನುಮಾನ ಬೇಡ. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ, ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ನಿಂದ ಲಿನಕ್ಸ್‌ಗೂ ಸ್ಥಳೀಯ ಸಮಯ ಬಳಸಲು ಹೇಳಿದೆ, ಎರಡೂ ಒಂದಾದವು.

ಕೊನೆಗೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಲೇಔಟ್ ಸೇರಿಸಿದೆ. ನುಡಿಯ ಹಾಗೆಯೇ ಒತ್ತಕ್ಷರಕ್ಕೆ ಎಫ್ ಕೀ, ಬೆರಳು ಹುಡುಕಾಡಲಿಲ್ಲ. ಈಗ ಸಂಜೆ ಮಗಳ ಲ್ಯಾಬ್ ಕೆಲಸ, ಹಗಲು ನನ್ನ ಹೊಸ ಟೈಪಿಂಗ್ ಎಲ್ಲ ಮಿಂಟ್‌ನಲ್ಲೇ. ಯಾರಾದರೂ ಹಳೇ ಲಗ್ನಪತ್ರಿಕೆಯ ಮಾದರಿ ಕೇಳಿಕೊಂಡು ಬಂದರೆ ಮಾತ್ರ ವಿಂಡೋಸ್‌ಗೆ ಹೋಗುತ್ತೇನೆ.