ನಮ್ಮ ತರಗತಿಯಲ್ಲಿ ‘ಪಾಪ’ ಅನ್ನಬಾರದು

ನಮ್ಮ ಭಾನುವಾರದ ತರಗತಿಯಲ್ಲಿ ಒಂದು ಪದಕ್ಕೆ ನಿಷೇಧ ಇದೆ. ಬೈಗುಳ ಅಂದುಕೊಳ್ಳಬೇಡಿ. ‘ಪಾಪ’ ಎನ್ನುವ ಪದ. ‘ಪಾಪ ನಾಯಿ’, ‘ಪಾಪ ಹಕ್ಕಿ’, ‘ಪಾಪ ಆ ಹುಡುಗ’ ಎಂದು ಯಾರಾದರೂ ಬರೆದರೆ ಅದನ್ನು ಹೊಡೆದುಹಾಕಿ, ಬದಲಿಗೆ ಕಂಡದ್ದನ್ನು ಬರೆಯಬೇಕು. ಈ ನಿಯಮ ಹೇಗೆ ಬಂತು ಅಂತ ಹೇಳುತ್ತೇನೆ. ನನ್ನದೇ ಎರಡು ತಪ್ಪುಗಳಿಂದ ಬಂತು.

ನಾನು ಕಾರ್ಕಳದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ಮೂವತ್ತು ವರ್ಷ ದಾಟಿದೆ. ಮುಲುಂಡಿನಲ್ಲಿ ಭಾನುವಾರ ಬೆಳಗ್ಗೆ ಎರಡು ಗಂಟೆ ಮಕ್ಕಳಿಗೆ ಕನ್ನಡ ಓದಲು, ಬರೆಯಲು ಕಲಿಸುತ್ತೇನೆ. ಫೀಸ್ ಇಲ್ಲ, ಪರೀಕ್ಷೆ ಇಲ್ಲ. ಇಪ್ಪತ್ತರ ಆಸುಪಾಸು ಮಕ್ಕಳು. ಅರ್ಧದಷ್ಟು ಸೊಸೈಟಿ ಫ್ಲ್ಯಾಟಿನವರು. ಅಪ್ಪನಿಗೆ ಬ್ಯಾಂಕು ಅಥವಾ ಹೋಟೆಲು, ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷ್. ಉಳಿದವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರ ಕನ್ನಡ ಚೆನ್ನಾಗಿದೆ, ಅಕ್ಷರ ಮಾತ್ರ ಬರುವುದಿಲ್ಲ.

ಮೊದಲ ತಪ್ಪು ಭಾಷಣ. ಒಂದು ಭಾನುವಾರ ಪ್ರಾಣಿದಯೆ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಆಮೇಲೆ ಎಲ್ಲರಿಂದ ಪೋಸ್ಟರ್ ಬರೆಸಿದೆ. ‘ಪ್ರಾಣಿಗಳನ್ನು ಪ್ರೀತಿಸಿ, ಪರಿಸರ ಉಳಿಸಿ’. ಥರ್ಮಾಕೋಲು, ಮಿನುಗು ಪುಡಿ, ಪ್ಲಾಸ್ಟಿಕ್ ಹೂವು, ಎಲ್ಲ ಅಂಟಿಸಿದ್ದರು. ಪರಿಸರ ಉಳಿಸಲು ಅಷ್ಟೊಂದು ಥರ್ಮಾಕೋಲು ಯಾಕೆ ಅಂತ ನನಗೂ ಹೊಳೆಯಲಿಲ್ಲ ನೋಡಿ. ತರಗತಿ ಬಿಟ್ಟು ಐದು ನಿಮಿಷ ಆಗಿಲ್ಲ, ಕೆಳಗಿನಿಂದ ನಾಯಿ ಕುಂಯ್ ಅಂದದ್ದು ಕೇಳಿಸಿತು. ಎಲ್ಲಕ್ಕಿಂತ ಚಂದದ ಪೋಸ್ಟರ್ ಮಾಡಿದ ಹುಡುಗನೇ ಕಲ್ಲು ಹೊಡೆದಿದ್ದ. ಕೇಳಿದರೆ, ‘ಸುಮ್ನೆ ಟೀಚರ್’ ಅಂದ. ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಪೋಸ್ಟರಿನ ನಾಯಿ ಬೇರೆ, ಗೇಟಿನ ಹತ್ತಿರ ಮಲಗಿದ್ದ ನಾಯಿ ಬೇರೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಇಬ್ಬರು ಹುಡುಗಿಯರು ಒಂದು ಪಿಕಳಾರ ಹಕ್ಕಿಯ ಮರಿಯನ್ನು ಕರ್ಚೀಫಿನಲ್ಲಿ ಸುತ್ತಿ ತಂದರು. ಪುಕ್ಕ ಬಂದಿತ್ತು, ಬಾಲ ಮೋಟು, ನೆಲದ ಮೇಲೆ ಕುಪ್ಪಳಿಸುತ್ತಿತ್ತಂತೆ. ‘ಪಾಪ, ತಾಯಿ ಬಿಟ್ಟುಹೋಗಿದೆ’ ಅಂದರು. ನಾನೂ ‘ಪಾಪ’ ಅಂದೆ. ಹತ್ತಿಯಲ್ಲಿ ಹಾಲು ಅದ್ದಿ ಕೊಕ್ಕಿಗೆ ಹಿಂಡಲು ಹೇಳಿಕೊಟ್ಟವಳು ನಾನೇ. ಇಪ್ಪತ್ತು ಮಕ್ಕಳು ಸುತ್ತ ನಿಂತು ಒಬ್ಬೊಬ್ಬರಾಗಿ ಬೆರಳಲ್ಲಿ ಮುಟ್ಟಿದರು. ರಾತ್ರಿ ನಮ್ಮ ಮನೆಯಲ್ಲಿ ಸತ್ತುಹೋಯಿತು.

ಆಮೇಲೆ ಹಕ್ಕಿ ಬಲ್ಲವರನ್ನು ವಿಚಾರಿಸಿದೆ. ಹಕ್ಕಿಗೆ ಹಾಲು ಜೀರ್ಣ ಆಗುವುದಿಲ್ಲ. ಕೊಕ್ಕಿಗೆ ನೀರೋ ಹಾಲೋ ಹಿಂಡಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಪುಕ್ಕ ಬಂದು ಕುಪ್ಪಳಿಸುವ ಮರಿ ಅನಾಥ ಅಲ್ಲ, ಹಾರಲು ಕಲಿಯುತ್ತಿರುವ ಮರಿ. ತಾಯಿ ಪಕ್ಕದ ಕೊಂಬೆಯಲ್ಲೇ ಇರುತ್ತದೆ, ನಾವು ಅಲ್ಲಿಂದ ಹೋಗಲಿ ಅಂತ ಕಾಯುತ್ತಿರುತ್ತದೆ. ಬೆಕ್ಕು, ವಾಹನದ ಭಯ ಇದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಇಟ್ಟು ದೂರ ಸರಿದರೆ ಆಯಿತು. ಪುಕ್ಕವೇ ಬಾರದ ಮರಿ ಬಿದ್ದಿದ್ದರೆ ವಾಪಸು ಗೂಡಿಗೆ ಇಡಬೇಕು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗಾಯವಾಗಿದ್ದರೆ ಮಾತ್ರ ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಮುಚ್ಚಿ, ಗದ್ದಲವಿಲ್ಲದ ಕಡೆ ಇರಿಸಿ ಫೋನ್ ಮಾಡಬೇಕು.

ಮುಂದಿನ ಭಾನುವಾರ ಇದನ್ನೆಲ್ಲ ಮಕ್ಕಳಿಗೆ ಹೇಳಿದೆ. ಮರಿ ಸತ್ತದ್ದು ನನ್ನಿಂದ ಅಂತಲೂ ಹೇಳಿದೆ. ಒಬ್ಬಳು ಅತ್ತಳು. ಇನ್ನೊಬ್ಬ, ‘ಹಾಗಾದ್ರೆ ತಾಯಿ ಅಲ್ಲೇ ಇತ್ತಾ ಟೀಚರ್?’ ಅಂದ. ಇತ್ತು ಅಂದೆ. ನಾವು ಯಾರೂ ತಲೆ ಎತ್ತಿ ನೋಡಿರಲಿಲ್ಲ. ‘ಪಾಪ’ ಅಂದ ಕೂಡಲೇ ನಮ್ಮ ಕೆಲಸ ಮುಗಿದಿತ್ತು. ಅವತ್ತೇ ಆ ಪದ ನಿಲ್ಲಿಸಿದೆ.

ಅದರ ಜಾಗದಲ್ಲಿ ಬಂದದ್ದು ನೋಡುವ ಪುಸ್ತಕ. ಹೆಸರು ಮಕ್ಕಳೇ ಇಟ್ಟದ್ದು. ನಲವತ್ತು ಪುಟದ ನೋಟ್‌ಬುಕ್. ಮನೆಯಿಂದ ತರಗತಿಗೆ ಬರುವ ದಾರಿಯಲ್ಲಿ ಒಂದು ಜೀವ ಆರಿಸಿಕೊಳ್ಳಬೇಕು. ನಾಯಿ, ಕಾಗೆ, ಹಲ್ಲಿ, ಮರ, ಯಾವುದಾದರೂ ಸರಿ. ಮೂರು ತಿಂಗಳು ಅದನ್ನು ಬದಲಿಸುವಂತಿಲ್ಲ. ವಾರಕ್ಕೆ ಮೂರು ಸಾಲು: ಏನು ತಿಂತು, ಎಲ್ಲಿ ಮಲಗಿತು, ಯಾರು ಏನು ಮಾಡಿದರು. ಮುಟ್ಟುವಂತಿಲ್ಲ, ತಿನ್ನಿಸುವಂತಿಲ್ಲ, ನೋಡುವುದು ಅಷ್ಟೇ. ಮೊದಲ ವಾರಗಳಲ್ಲಿ ‘ನಾಯಿ ಮಲಗಿತ್ತು’ ಬಿಟ್ಟರೆ ಬೇರೇನೂ ಇರಲಿಲ್ಲ. ಐದನೇ ವಾರ ಒಬ್ಬಳು ಬರೆದಳು: ‘ಮಳೆ ಬಂದಾಗ ನಾಯಿ ರಿಕ್ಷಾದ ಕೆಳಗೆ ಹೋಯಿತು. ರಿಕ್ಷಾ ಹೋಯಿತು. ಇನ್ನೊಂದು ರಿಕ್ಷಾದ ಕೆಳಗೆ ಹೋಯಿತು.’ ಇದನ್ನು ಓದಿದ ಮೇಲೆ ಆ ಬೀದಿಯಲ್ಲಿ ಯಾರೂ ಕಲ್ಲು ಎತ್ತಿದ್ದು ನಾನು ಕಂಡಿಲ್ಲ. ಬೇರೆ ಬೀದಿಗಳ ಗ್ಯಾರಂಟಿ ಕೊಡಲಾರೆ.

ನಾಯಿಯೇ ಜಾಸ್ತಿ ಮಕ್ಕಳ ಆಯ್ಕೆ ಆದದ್ದರಿಂದ ನಾಯಿ ಪಾಠವನ್ನು ಸರಿಯಾಗಿ ಮಾಡಬೇಕಾಯಿತು. ತಿನ್ನುವಾಗ, ಮಲಗಿದಾಗ, ಮರಿ ಇರುವಾಗ ಹತ್ತಿರ ಹೋಗಬಾರದು. ಅಟ್ಟಿಸಿಕೊಂಡು ಬಂದರೆ ಓಡಬಾರದು, ಕೈ ಮೈಗೆ ಒತ್ತಿಕೊಂಡು ಮರದ ಹಾಗೆ ನಿಲ್ಲಬೇಕು, ಕಣ್ಣಲ್ಲಿ ಕಣ್ಣಿಡಬಾರದು. ಇದನ್ನು ಒಂದು ಆಟವಾಗಿ ಆಡಿಸುತ್ತೇನೆ. ಒಬ್ಬ ನಾಯಿ, ಉಳಿದವರು ಮರ. ಕಚ್ಚಿದರೆ, ತರಚಿದರೂ ಸರಿ, ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ ಹಚ್ಚುವಂತಿಲ್ಲ. ಬೈಯುತ್ತಾರೆ ಅಂತ ಮನೆಯಲ್ಲಿ ಮುಚ್ಚಿಡುವಂತೆಯೂ ಇಲ್ಲ. ಈ ಕೊನೆಯ ಮಾತನ್ನು ಮೂರು ಸಲ ಹೇಳುತ್ತೇನೆ. ಮಕ್ಕಳು ಮುಚ್ಚಿಡುತ್ತಾರೆ, ರೋಗ ಕಾಣಿಸಿಕೊಂಡ ಮೇಲೆ ಬದುಕುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಿವಿಯ ತುದಿ ಕತ್ತರಿಸಿದ ಗುರುತು ಇದ್ದರೆ ಆ ನಾಯಿಗೆ ಸಂತಾನಹರಣ ಆಪರೇಷನ್ ಆಗಿದೆ ಎಂದು ಅರ್ಥ. ಈ ಗುರುತು ಎಣಿಸುವುದು ಈಗ ಮಕ್ಕಳಿಗೆ ಹುಚ್ಚು. ಬಸ್ಸಿನ ಕಿಟಕಿಯಿಂದಲೂ ಎಣಿಸುತ್ತಾರಂತೆ.

ಮುಲುಂಡಿನಲ್ಲಿ ನಾಯಿ ಬಗ್ಗೆ ಮಾತಾಡಿದರೆ ಚಿರತೆ ಬರಲೇಬೇಕು. ನಮ್ಮ ಬೆನ್ನಿಗೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ, 100 ಚದರ ಕಿಲೋಮೀಟರಿಗೂ ಜಾಸ್ತಿ ಕಾಡು. 2018ರ ಜನವರಿಯಲ್ಲಿ ಮುಲುಂಡಿನ ಮನೆಗಳ ನಡುವೆ ಚಿರತೆ ಬಂದು ಕೆಲವರಿಗೆ ಗಾಯವಾಗಿತ್ತು. ‘ಹಿಡಿದು ದೂರ ಬಿಡಬೇಕು’ ಅಂತ ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ಹೇಳಿದರು. ನಾನು ಬೋರ್ಡಿನ ಮೇಲೆ ಮೂರು ಪದ ಬರೆದೆ: ಕಸ, ನಾಯಿ, ಚಿರತೆ. ಕಸ ಇದ್ದಲ್ಲಿ ನಾಯಿ ಸೇರುತ್ತದೆ. ನಾಯಿ ಇದ್ದಲ್ಲಿಗೆ ರಾತ್ರಿ ಚಿರತೆ ಬರುತ್ತದೆ. ಇಲ್ಲಿನ ಚಿರತೆಗಳ ಊಟದಲ್ಲಿ ನಾಯಿಯ ಪಾಲು ದೊಡ್ಡದು. ಒಂದನ್ನು ಹಿಡಿದು ಒಯ್ದರೆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಅರಣ್ಯ ಇಲಾಖೆ 2011ರಿಂದ ಊರಿನವರ ಜೊತೆ ಸೇರಿ ಇದನ್ನೇ ಹೇಳುತ್ತಿದೆ: ಕಸ ತೆಗೆಯಿರಿ, ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರನ್ನೇ ಬಿಡಬೇಡಿ, ಕಂಡರೆ ಸುತ್ತುವರಿಯಬೇಡಿ. ಕಾಡೊಳಗಿನ ವಾರ್ಲಿ ಜನ ವಾಘೋಬಾ ಎಂಬ ಹುಲಿ-ಚಿರತೆಯ ದೇವರನ್ನು ಪೂಜಿಸುತ್ತಾರೆ ಅಂದಾಗ ತುಳು ಮನೆಯ ಹುಡುಗ, ‘ನಮ್ಮೂರಲ್ಲಿ ಪಿಲಿಚಾಮುಂಡಿ ಇದ್ದ ಹಾಗೆ’ ಅಂದ. ಅದು ನನಗೇ ಹೊಳೆದಿರಲಿಲ್ಲ.

ಈ ಕಸದ ಎಳೆ ಹಿಡಿದೇ ಮನುಷ್ಯರ ಕಡೆ ಬಂದೆವು. ಬೆಳಗ್ಗೆ ಕಚರಾ ಗಾಡಿಯ ಜೊತೆ ಬರುವವರೊಬ್ಬರನ್ನು ಟೀಗೆ ಕರೆದೆ. ಮಕ್ಕಳು ಮೊದಲು ದೂರ ಕೂತರು. ಅವರು ಮರಾಠಿಯಲ್ಲಿ ಎರಡೇ ಮಾತು ಹೇಳಿ ಎಡಗೈ ಚಾಚಿದರು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬಿಳಿ ಗೆರೆ, ಹೊಲಿಗೆಯ ಚುಕ್ಕಿಗಳು. ‘ಟ್ಯೂಬ್‌ಲೈಟ್’ ಅಂದರು. ಯಾರೋ ಒಡೆದ ಟ್ಯೂಬ್‌ಲೈಟನ್ನು ಕಪ್ಪು ಚೀಲದಲ್ಲಿ ಅನ್ನ, ಸಿಪ್ಪೆ ಜೊತೆ ಹಾಕಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಹತ್ತಿರ ಬಂದು ಆ ಗೆರೆ ನೋಡಿದರು. ಒಬ್ಬ, ‘ನಮ್ಮ ಮನೇದು ಇರಬಹುದಾ?’ ಅಂತ ನನ್ನ ಕಿವಿಯಲ್ಲಿ ಕೇಳಿದ. ನಾನು ಇಲ್ಲ ಅನ್ನಲಿಲ್ಲ.

ಈಗ ಅವರ ಮನೆಗಳಲ್ಲಿ ಒಡೆದ ಗಾಜು, ಬ್ಲೇಡು ಇದ್ದರೆ ಪೇಪರಿನಲ್ಲಿ ದಪ್ಪಗೆ ಸುತ್ತಿ, ರಟ್ಟಿನ ಡಬ್ಬಕ್ಕೆ ಹಾಕಿ, ಟೇಪ್ ಅಂಟಿಸಿ, ಮೇಲೆ ‘ಕಾಚ’ ಅಂತ ದೊಡ್ಡದಾಗಿ ಮರಾಠಿ ಅಕ್ಷರದಲ್ಲಿ ಬರೆದು ಬೇರೆಯಾಗಿ ಕೊಡುತ್ತಾರೆ. ಅಮ್ಮಂದಿರು ಫೋನ್ ಮಾಡಿ, ‘ನಿಮ್ಮ ದೆಸೆಯಿಂದ ನಮ್ಮ ಮನೇಲಿ ಟೇಪ್ ಉಳಿಯುವುದಿಲ್ಲ’ ಅನ್ನುತ್ತಾರೆ. ನಾನು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಈ ಡಬ್ಬ.

ಎಲ್ಲ ಸುಲಭವಾಗಿ ಆಯಿತು ಅಂತಲ್ಲ. ಯಾದಗಿರಿಯ ಹುಡುಗನೊಬ್ಬ, ಹನ್ನೊಂದು ವರ್ಷ, ಬಾಯಿ ತೆರೆದರೆ ಸಾಕು ಫ್ಲ್ಯಾಟಿನ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಅವನು ‘ನಾ ನಾಯಿ ನೋಡ್ಲಾಕತ್ತಿದ್ದೆ ಅಕ್ಕೋರ’ ಅಂದರೆ, ಹಿಂದಿನಿಂದ ಯಾರೋ ಅದನ್ನೇ ಎಳೆದು ಹೇಳುತ್ತಿದ್ದರು. ಬೈದು ನೋಡಿದೆ. ನಗು ನನ್ನ ಬೆನ್ನ ಹಿಂದೆ ಹೋಯಿತು ಅಷ್ಟೇ. ಒಂದು ದಿನ ಎಲ್ಲರ ಮನೆಮಾತಿನಲ್ಲಿ ಬೆಕ್ಕು, ಕಾಗೆಗೆ ಏನನ್ನುತ್ತಾರೆ ಅಂತ ಪಟ್ಟಿ ಮಾಡಿಸಿದೆ. ಪುಚ್ಚೆ, ಮಾಂಜರ್, ಕಾಗಿ, ಕಕ್ಕೆ, ಕಾವಳಾ. ಆವತ್ತು ಚೆನ್ನಾಗಿತ್ತು. ಮುಂದಿನ ವಾರ ಮತ್ತೆ ನಗು.

ಅದು ಕಡಿಮೆಯಾದದ್ದು ನಮ್ಮ ಗೇಟಿನ ಕಾಲ್ಯಾ ಗುರುಗುಟ್ಟಲು ಶುರು ಮಾಡಿದಾಗ. ಕಾಲ್ಯಾ ಹೆಣ್ಣು ನಾಯಿ, ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಸೊಸೈಟಿಯವರು ಹುಚ್ಚು ಹಿಡಿದಿದೆ, ಪಾಲಿಕೆಗೆ ಹೇಳೋಣ ಅಂದರು. ಈ ಹುಡುಗ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ನೋಡಿದ. ‘ಹುಚ್ಚಲ್ರೀ ಅಕ್ಕೋರ. ಮರಿ ಹಾಕೇದ. ಆ ಪೈಪಿನ ಹಿಂದ ಅವ. ಮೊಲಿ ಜೋತಾಡ್ಲಾಕತ್ತಾವ ನೋಡ್ರಿ’ ಅಂದ. ಹೋಗಿ ನೋಡಿದರೆ ಪಂಪ್ ರೂಮಿನ ಪೈಪಿನ ಹಿಂದೆ ನಾಲ್ಕು ಮರಿ. ವಾಚ್‌ಮನ್ ಹಗ್ಗ ಕಟ್ಟಿ ಆ ಕಡೆ ಯಾರೂ ಹೋಗದ ಹಾಗೆ ಮಾಡಿದ, ಗುರುಗುಡುವುದು ನಿಂತಿತು. ಅವತ್ತಿನಿಂದ ಮಕ್ಕಳು ಅವನ ಪಕ್ಕ ಕೂತು ‘ಇದು ಯಾಕೆ ಹೀಗೆ ಮಾಡ್ತಿದೆ?’ ಅಂತ ಕೇಳತೊಡಗಿದರು. ಅಣಕಿಸುವುದು ಪೂರ್ತಿ ನಿಲ್ಲಲಿಲ್ಲ. ಆಮೇಲೆ ಅವನೂ ಅವರನ್ನು ಅಣಕಿಸತೊಡಗಿದ, ‘ಹೋಗ್ತೇನೆ ಬರ್ತೇನೆ’ ಅಂತ ಮೂಗಿನಲ್ಲಿ ಹೇಳಿ.

ಜಾಗ ಕೊಟ್ಟ ಸಂಘದ ಕೆಲವರಿಗೆ ಇದು ಹಿಡಿಸಲಿಲ್ಲ. ‘ಕನ್ನಡ ಕಲಿಸಿ ಮೇಡಂ, ನಾಯಿ ಬೆಕ್ಕು ಯಾಕೆ?’ ಅಂದರು. ಸಂವಿಧಾನದ 51ಎ ವಿಧಿ ತೆಗೆದು ತೋರಿಸಿದೆ. 1976ರ ತಿದ್ದುಪಡಿಯಲ್ಲಿ ಸೇರಿದ್ದು, ಜೀವಿಗಳ ಬಗ್ಗೆ ಕರುಣೆ ಇರಬೇಕಾದ್ದು ಪ್ರತಿ ನಾಗರಿಕನ ಕರ್ತವ್ಯ ಅಂತ ಇದೆ. ಅದರಿಂದೇನೂ ಕರಗಲಿಲ್ಲ. ಆಮೇಲೆ ನೋಡುವ ಪುಸ್ತಕಗಳನ್ನೇ ಮೇಜಿನ ಮೇಲಿಟ್ಟೆ. ಒತ್ತಕ್ಷರ ಬಾರದ ಮಕ್ಕಳು ಪುಟಗಟ್ಟಲೆ ಬರೆದಿದ್ದರು. ಸುಮ್ಮನಾದರು.

ಜನವರಿಯಲ್ಲಿ ಸಂಕ್ರಾಂತಿ ಮುಗಿದ ಭಾನುವಾರ ಓದು ಬರಹ ಇಲ್ಲ. ಗಾಳಿಪಟದ ಮಾಂಜಾ ದಾರ ಹೆಕ್ಕುವ ದಿನ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಕ್ಕೆಲ್ಲ ನಿಷೇಧಿಸಿದೆ, ಆದರೂ ಮರದಲ್ಲಿ ತೂಗುತ್ತಿರುತ್ತದೆ. ಕೈಗೆಟುಕಿದ್ದನ್ನು ಮಾತ್ರ ಕೋಲಿಗೆ ಸುತ್ತಿ, ಸಣ್ಣಗೆ ಕತ್ತರಿಸಿ ಚೀಲಕ್ಕೆ ಹಾಕುತ್ತೇವೆ. ಮೇಲೆ ಹಕ್ಕಿ ಸಿಕ್ಕಿದ್ದರೆ ಮಕ್ಕಳು ಹತ್ತುವಂತಿಲ್ಲ, ಅಗ್ನಿಶಾಮಕದವರನ್ನು ಕರೆಯಬೇಕು. ಗೋಡೆಯ ಮೇಲೆ ನಂಬರುಗಳ ಪಟ್ಟಿ ಇದೆ: ಅಗ್ನಿಶಾಮಕಕ್ಕೆ 101, ಅರಣ್ಯ ಇಲಾಖೆಗೆ 1926, ಪರೇಲಿನ ಪ್ರಾಣಿಗಳ ಆಸ್ಪತ್ರೆ.

ಪಾರಿವಾಳದ ವಿಷಯದಲ್ಲಿ ಮಾತ್ರ ನಾನು ಸೋತಿದ್ದೇನೆ. 2025ರಲ್ಲಿ ಪಾಲಿಕೆ ದಾದರಿನ ಕಬೂತರ್‌ಖಾನಾವನ್ನು, ಅಂದರೆ ಜನ ಪಾರಿವಾಳಗಳಿಗೆ ಕಾಳು ಹಾಕುವ ಜಾಗವನ್ನು, ಮುಚ್ಚಿದಾಗ ತರಗತಿ ಎರಡು ಪಾಲಾಯಿತು. ಹಿಕ್ಕೆಯ ಧೂಳು ಶ್ವಾಸಕೋಶ ಕೆಡಿಸುತ್ತದೆ, ರಾಶಿ ರಾಶಿ ಕಾಳು ಹಾಕಿದರೆ ಪಾರಿವಾಳ ಬೆಳೆಯುತ್ತಲೇ ಹೋಗುತ್ತದೆ ಅಂದೆ. ಒಬ್ಬಳು ಎದ್ದು, ‘ನನ್ನ ಅಜ್ಜಿ ದಿನಾ ಜೋಳ ಹಾಕ್ತಾರೆ. ಅಜ್ಜಿಗೆ ಕರುಣೆ ಇಲ್ವಾ?’ ಅಂದಳು. ಉತ್ತರ ಹೊಳೆಯಲಿಲ್ಲ. ಅಜ್ಜಿಯನ್ನೇ ತರಗತಿಗೆ ಕರೆಯೋಣ ಅಂದೆ. ಅಜ್ಜಿ ಬಂದರು, ಜೋಳದ ಡಬ್ಬಿ ಸಮೇತ. ಅರ್ಧ ಗಂಟೆ ನನ್ನನ್ನೇ ಪ್ರಶ್ನೆ ಕೇಳಿ ಹೋದರು.

ಯಾದಗಿರಿಯ ಹುಡುಗ ಈಗ ಬರುತ್ತಿಲ್ಲ. ಕಟ್ಟಡ ಮುಗಿಯಿತು, ಅಪ್ಪ ಅಮ್ಮ ಪನವೇಲ್ ಕಡೆ ಬೇರೆ ಸೈಟಿಗೆ ಹೋದರು. ಹೇಳಿ ಹೋಗಲು ಪುರುಸೊತ್ತಾಗಲಿಲ್ಲವೇನೋ. ಕಪಾಟಿನಲ್ಲಿ ಅವನ ನೋಡುವ ಪುಸ್ತಕ ಹುಡುಕಿದೆ, ಇರಲಿಲ್ಲ. ಜೊತೆಗೆ ತಗೊಂಡು ಹೋಗಿದ್ದಾನೆ. ನನ್ನ ಪೆನ್ಸಿಲ್ಲೂ ಹೋಯಿತು.